ಸಾಲ ಇದ್ದಾಗಲೇ ಪಿಗ್ಮಿ ಕಟ್ಟಿದೆ, ನಿದ್ದೆ ವಾಪಸ್ ಬಂತು

"ಭಾವ, ಕ್ರೆಡಿಟ್ ಕಾರ್ಡಿಗೆ ವರ್ಷಕ್ಕೆ 42 ಪರ್ಸೆಂಟ್ ಬಡ್ಡಿ ಕಟ್ತಾ ಇದ್ದೀರ. ಪಿಗ್ಮಿಗೆ 4 ಪರ್ಸೆಂಟ್ ಬಂದ್ರೆ ಹೆಚ್ಚು. ಯಾರಾದ್ರೂ ಹೀಗೆ ಮಾಡ್ತಾರಾ?" ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಬಾಮೈದ ಎರಡು ವರ್ಷದ ಹಿಂದೆ ಕೇಳಿದ ಮಾತಿದು. ಲೆಕ್ಕಕ್ಕೆ ಅವನು ಹೇಳಿದ್ದೇ ಸರಿ. ಆದರೂ ಗೆದ್ದಿದ್ದು, ಸಾಲ ಇರುವಾಗಲೇ ದಿನಾ ಸ್ವಲ್ಪ ದುಡ್ಡು ಪಿಗ್ಮಿಗೆ ಕಟ್ಟಿ ಉಳಿಸುವ ನನ್ನ ದಾರಿ. ನನ್ನ ಹಾಗೆ ದಿನದ ಗಲ್ಲಾ ನಂಬಿ ಬದುಕುವ ಅಂಗಡಿಯವರಿಗೆ ಇದು ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ತಿಪಟೂರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ 8,000ದ ಆಸುಪಾಸಿಗೆ ಇಳಿದಿತ್ತು. ನಮ್ಮೂರಲ್ಲಿ ಕೊಬ್ಬರಿ ಬಿದ್ದರೆ ಎಲ್ಲರ ಗಲ್ಲಾನೂ ಒಣಗುತ್ತದೆ. ಆ ವರ್ಷ ಮುಗಿಯುವಾಗ ನನ್ನ ಸಾಲ ಏಳು ಕಡೆ ಸೇರಿ ನಾಲ್ಕೂಕಾಲು ಲಕ್ಷ. ಒಡವೆ ಮೇಲೆ 1,40,000, ಕಾರ್ಡಿನಲ್ಲಿ 1,10,000, ಎತ್ತಿದ ಚೀಟಿಯ ಬಾಕಿ 60,000, ಸಂಘದ್ದು 40,000, ಪೇಪರ್ ಕೊಡುವವರಿಗೆ 32,000, ಸ್ನೇಹಿತನಿಗೆ 25,000, ಮೊಬೈಲ್ ಆ್ಯಪಿನದು 18,000.

ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಎದೆ ಹಿಡಿದುಕೊಂಡ ಹಾಗೆ. ಹೃದಯ ಅಂದುಕೊಂಡು ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ಗಿರಾಕಿ ಎರಡು ರೂಪಾಯಿ ಚಿಲ್ಲರೆ ಕೇಳಿದರೂ ರೇಗುತ್ತಿದ್ದೆ. ಒಂದು ರಾತ್ರಿ ಹೆಂಡತಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ಕನ್ನಡದಲ್ಲೇ ಮಾತಾಡಿದರು, ದುಡ್ಡು ಕೇಳಲಿಲ್ಲ. ಅವರು ಹೇಳಿದ ಮೇಲೆ ಜಿಲ್ಲಾ ಆಸ್ಪತ್ರೆಗೆ ಹೋದೆ, ಮಾತ್ರೆ ಶುರುವಾಯಿತು.

ಮೊದಲು ಎರಡು ಪ್ರಯತ್ನ ಹಾಳಾದವು. ಖರ್ಚು ಬರೆಯುವ ಆ್ಯಪ್ ಹಾಕಿಕೊಂಡೆ, ಹನ್ನೊಂದು ದಿನ ನಡೆಯಿತು. ಆಮೇಲೆ ಬಾಮೈದ ಹೇಳಿದಂತೆ ಸಿಕ್ಕಿದ ದುಡ್ಡನ್ನೆಲ್ಲ ಕಾರ್ಡಿಗೆ ಸುರಿದೆ. ಮೂರು ತಿಂಗಳಲ್ಲಿ 30,000 ಇಳಿಯಿತು. ಅಷ್ಟರಲ್ಲಿ ಮಷಿನಿನ ಡ್ರಮ್ ಹೋಯಿತು. ಕೈಯಲ್ಲಿ ಬಿಡಿಗಾಸಿಲ್ಲ. ಅದೇ ಕಾರ್ಡ್ ಮತ್ತೆ ಉಜ್ಜಿದೆ, ಮನೆ ಖರ್ಚೂ ಅದರಲ್ಲೇ ಹೋಯಿತು. ಕಾರ್ಡ್ ಮತ್ತೆ 1,10,000ಕ್ಕೆ ಬಂದು ನಿಂತಿತು.

ಅವತ್ತು ನೋಟ್‌ಬುಕ್ ಹಿಡಿದು ಒಂದೊಂದು ಸಾಲ ಹೇಗೆ ಹುಟ್ಟಿತು ಅಂತ ಬರೆದೆ. ಏಳರಲ್ಲಿ ಐದು ಹುಟ್ಟಿದ್ದು ಒಂದೇ ಕಾರಣಕ್ಕೆ. ಅರ್ಜೆಂಟಿಗೆ ನನ್ನ ಹತ್ತಿರ ಹತ್ತು ಸಾವಿರ ಇರಲಿಲ್ಲ. ಮೂರು ಗಂಟೆಗೆ ಎಬ್ಬಿಸುತ್ತಿದ್ದದ್ದೂ ಅದೇ: ನಾಳೆ ಏನಾದರೂ ಕೆಟ್ಟರೆ ಯಾರ ಮುಂದೆ ಕೈಯೊಡ್ಡಲಿ?

ಮರುದಿನವೇ ಸೊಸೈಟಿಯಲ್ಲಿ ದಿನಕ್ಕೆ 100 ರೂಪಾಯಿಯ ಪಿಗ್ಮಿ ಶುರು ಮಾಡಿದೆ. ಪಿಗ್ಮಿ ನಮ್ಮ ಉಡುಪಿಯಲ್ಲೇ ಹುಟ್ಟಿದ್ದು ಅಲ್ವಾ? 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದು ಆ ಬಾಗಿಲಿಗೆ ಬರುವ ಮನುಷ್ಯ. ನಾನಾಗಿ ಹೋಗಿ ಕಟ್ಟುವುದಾದರೆ ಎರಡನೇ ವಾರಕ್ಕೇ ಬಿಡುತ್ತಿದ್ದೆ.

ನಾಲ್ಕನೇ ತಿಂಗಳಲ್ಲಿ ಮಷಿನಿನ ಫ್ಯೂಸರ್ ಅನ್ನುವ ಭಾಗ ಸುಟ್ಟಿತು, ರಿಪೇರಿಗೆ ಸುಮಾರು ಒಂಬತ್ತು ಸಾವಿರ. ಪಿಗ್ಮಿ ಮುರಿದೆ. ಆರು ತಿಂಗಳು ತುಂಬಿರಲಿಲ್ಲ, ಹಾಗಾಗಿ ಬಡ್ಡಿ ಇಲ್ಲ, ಮೇಲೆ ಮುನ್ನೂರು ಚಿಲ್ಲರೆ ಕಮಿಷನ್ ಹಿಡಿದರು. ಬಾಮೈದ "ನೋಡಿದ್ರಾ?" ಅಂದ. ನಾನು ನೋಡಿದ್ದೇ ಬೇರೆ. ಎಷ್ಟೋ ವರ್ಷದಲ್ಲಿ ಮೊದಲ ಸಲ ಯಾರ ಹತ್ತಿರವೂ ಕೇಳದೆ ಮಷಿನ್ ರಿಪೇರಿ ಆಗಿತ್ತು. ಆ ರಾತ್ರಿ ಬೆಳಗಿನವರೆಗೂ ಮಲಗಿದೆ. ಆಮೇಲೆ ಎರಡು ಪಿಗ್ಮಿ ಮಾಡಿದೆ, ಒಂದಕ್ಕೊಂದು ಆರು ತಿಂಗಳ ಅಂತರ. ಮೊದಲ ಆರು ತಿಂಗಳು ಕಳೆದ ಮೇಲೆ, ಯಾವಾಗ ಬೇಕಾದರೂ ನಷ್ಟವಿಲ್ಲದೆ ಮುರಿಯಬಹುದಾದ್ದು ಒಂದು ಇದ್ದೇ ಇರುತ್ತದೆ.

ಸಾಲ ತೀರಿಸುವಾಗ ಬಡ್ಡಿ ನೋಡಲಿಲ್ಲ, ಫೋನ್ ಎಷ್ಟು ಬರುತ್ತದೆ ಅಂತ ನೋಡಿದೆ. ಜಾಸ್ತಿ ಕಾಟ ಆ್ಯಪಿನವರದು, ಅದನ್ನು ಮೊದಲು ಮುಗಿಸಿದೆ. ಮೂಲೆಯಲ್ಲಿ ಸುಮ್ನೆ ಬಿದ್ದಿದ್ದ ಎರಡನೇ ಮಷಿನ್ ಮಾರಿದೆ, 45,000 ಬಂತು. ಸ್ನೇಹಿತನದು, ಪೇಪರಿನದು ಬಹುಪಾಲು ಅದರಲ್ಲೇ ತೀರಿತು. ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದ ರಿಕವರಿಯವನಿಗೆ, ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ ಅಂದೆ. ಮತ್ತೆ ರಾತ್ರಿ ಫೋನ್ ಬರಲಿಲ್ಲ. ಚೀಟಿಯವರ ಹತ್ತಿರ ಹೇಗೆ ಟೈಮ್ ತೆಗೆದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮಿಬ್ಬರ ಮಾತು.

ಎರಡು ತಪ್ಪು ಮಾಡಿದೆ. ಕಾರ್ಡನ್ನು 70,000ಕ್ಕೆ ಸೆಟಲ್‌ಮೆಂಟ್ ಮಾಡಿಕೊಂಡೆ. ಸಾಲ ಕಟ್ಟಿದ ದಾಖಲೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್', ಅಂದರೆ ಪೂರ್ತಿ ಕಟ್ಟಿಲ್ಲ ಅಂತ ಬಿತ್ತು, ಸ್ಕೋರಿನಲ್ಲಿ ಹತ್ತಿರಹತ್ತಿರ ನೂರು ಅಂಕ ಕಡಿಮೆಯಾಯಿತು. ತಡೆದುಕೊಳ್ಳಲು ಆಗುವುದಾದರೆ ಪೂರ್ತಿ ಕಟ್ಟಿ ಮುಗಿಸಿ. ಇನ್ನೊಂದು, ಎರಡು ಸಾಲ ತೀರಿದ ಖುಷಿಯಲ್ಲಿ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಎದೆ ಬಡಿತ. ಡಾಕ್ಟರು ಬೈಯಲಿಲ್ಲ, ಮೊದಲಿಂದ ಶುರು ಮಾಡಿಸಿದರು. ಲೆಕ್ಕ ಸರಿಯಾದರೆ ಮನಸ್ಸು ತಾನಾಗಿ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. ನನಗೆ ಎರಡೂ ಬೇಕಾಯಿತು.

ನಡುವೆ ಇನ್ನೊಂದು ಮಾಡಿ ನೋಡಿದೆ. ಸಾಲದ ವಿಷಯ ಮನೆಯಲ್ಲಿ ಗುರುವಾರ ಬೆಳಿಗ್ಗೆ ಆರರಿಂದ ಏಳರವರೆಗೆ ಮಾತ್ರ. ಬೇರೆ ಹೊತ್ತಿನಲ್ಲಿ ತಲೆಗೆ ಬಂದದ್ದನ್ನು ಬಿಲ್ ಬುಕ್ಕಿನ ಹಿಂದೆ ಗೀಚಿಡುತ್ತೇನೆ. ಮೊದಲ ತಿಂಗಳು ಆಗಲೇ ಇಲ್ಲ. ಈಗ ಎಷ್ಟೋ ಗುರುವಾರ ಇಪ್ಪತ್ತು ನಿಮಿಷಕ್ಕೆ ಮಾತು ಮುಗಿದು, ಇಬ್ಬರೂ ಕಾಫಿ ಕುಡಿದು ಏಳುತ್ತೇವೆ.

ಉಳಿದಿರುವುದು ಒಡವೆ ಸಾಲ ಒಂದೇ, ಸುಮಾರು 70,000. ಪಿಗ್ಮಿ ಎರಡೂ ಸೇರಿ ದಿನಕ್ಕೆ 250 ಕಟ್ಟುತ್ತಿದ್ದೇನೆ. ಕಳೆದ ತಿಂಗಳು ಬಾಮೈದ ಅಂಗಡಿಗೆ ಬಂದಿದ್ದ. ಪಿಗ್ಮಿಯವರು ಬಂದು ರಸೀದಿ ಕೊಟ್ಟು ಹೊರಡುವಾಗ, ಅವರ ನಂಬರ್ ಕೇಳಿ ತನ್ನ ಫೋನಿಗೆ ಹಾಕಿಕೊಂಡ.