ಹಿಂದಿನ ಸಾಲು ಮಸುಕಾಗಿದ್ದು ಯಾಕೆ? ನನ್ನ ಅನುಭವ

ಅಕ್ಕನ ಮನೆಯ ಗೃಹಪ್ರವೇಶದಲ್ಲಿ ಚಪ್ಪರದ ಕೆಳಗೆ ಎಲ್ಲರನ್ನೂ ಸೇರಿಸಿ ಫೋಟೋ ತೆಗೆದೆ. ಮುಂದೆ ಕುರ್ಚಿಯಲ್ಲಿ ಅಜ್ಜಿ, ಹಿಂದೆ ಎರಡು ಸಾಲು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗೇ ಕಂಡಿತ್ತು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದರೆ ಅಜ್ಜಿಯ ಮೂಗುತಿಯ ಹರಳೂ ಸ್ಪಷ್ಟ, ಕೊನೆಯ ಸಾಲಿನ ಭಾವನ ಮುಖ ಮಾತ್ರ ಮಂಜು ಮಂಜು. ತುಂಬಾ ಬೇಜಾರಾಯಿತು.

ಲೆನ್ಸ್ ಕೆಟ್ಟಿದೆ ಅಂದುಕೊಂಡೆ. ಹಾಗೇನಿಲ್ಲ. ನನ್ನ 50 ಎಂಎಂ ಲೆನ್ಸನ್ನು ಎಫ್/1.8ರಲ್ಲಿ ಇಟ್ಟಿದ್ದೆ. ಎಫ್ ಅಂದರೆ ಲೆನ್ಸಿನ ಫೋಕಲ್ ಲೆಂತ್ (ನಾಭಿದೂರ), ಇಲ್ಲಿ 50 ಎಂಎಂ. 50ನ್ನು 1.8ರಿಂದ ಭಾಗಿಸಿ, ಸುಮಾರು 28 ಮಿಲಿಮೀಟರ್. ಬೆಳಕು ಬರುವ ಕಿಂಡಿ ಅಷ್ಟು ಅಗಲ. ಎಫ್/8 ಅಂದರೆ 6 ಮಿಲಿಮೀಟರ್ ಅಷ್ಟೇ. ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಕಾಣುವ ಆಳ ಜಾಸ್ತಿ. ನನ್ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ, ನಾಲ್ಕು ಮೀಟರ್ ದೂರದಿಂದ, ಎಫ್/1.8ಕ್ಕೆ ಆ ಆಳ ಸುಮಾರು 46 ಸೆಂಟಿಮೀಟರ್. ಒಂದು ಮೊಳ! ಅದರಲ್ಲೂ ಫೋಕಸ್ ಅಜ್ಜಿಯ ಮೇಲಿತ್ತು. ಅರ್ಧದಷ್ಟು ಆಳ ಅವರ ಮುಂದಿನ ಖಾಲಿ ಜಾಗಕ್ಕೇ ಹೋಯಿತು, ಅಲ್ವಾ?

ಊಟ ಮುಗಿದ ಮೇಲೆ ಎಲ್ಲರನ್ನೂ ಮತ್ತೆ ನಿಲ್ಲಿಸಿದೆ. ಎಫ್/8 ಇಟ್ಟೆ, ಮಧ್ಯದ ಸಾಲಿಗೆ ಫೋಕಸ್ ಮಾಡಿದೆ. ಈಗ ಆಳ ಸುಮಾರು ಎರಡು ಮೀಟರ್. ಆದರೆ ಬೆಳಕು 20 ಪಟ್ಟು ಕಡಿಮೆಯಾಗುತ್ತದೆ, ಇದನ್ನು ಮರೆಯಬೇಡಿ. ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ರಿಂದ 800ಕ್ಕೆ ಏರಿಸಿದೆ, ಶಟರ್ ವೇಗವನ್ನು 1/500 ಸೆಕೆಂಡಿನಿಂದ 1/200 ಸೆಕೆಂಡಿಗೆ ಇಳಿಸಿದೆ, ಅಂದರೆ ಬೆಳಕು ಹೆಚ್ಚು ಹೊತ್ತು ಒಳಗೆ ಬರುತ್ತದೆ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಬಂತು, ಪರವಾಗಿಲ್ಲ. ಭಾವನ ಹಣೆಯ ಕುಂಕುಮದವರೆಗೂ ಎಲ್ಲ ಸ್ಪಷ್ಟ.

ಅಜ್ಜಿಯೊಬ್ಬರದೇ ಫೋಟೋ ತೆಗೆಯುವಾಗ ಮಾತ್ರ ನನಗೆ ಈಗಲೂ ಎಫ್/1.8 ಇಷ್ಟ.