ಹಳೇ ಆಲ್ಟೊ ಹಿಂದೆ ಕುಸಿದು ಸದ್ದು ಮಾಡ್ತಿದೆಯಾ?

ಹಂಪ್ ದಾಟುವಾಗ ಹಿಂದಿನಿಂದ ಲೊಡ ಲೊಡ ಅಂದರೆ ಮೊದಲು ಡಿಕ್ಕಿ ಖಾಲಿ ಮಾಡಿ ಓಡಿಸಿ ನೋಡಿ. ಸಡಿಲವಾದ ಸ್ಟೆಪ್ನಿ, ಜಾಕ್ ಸದ್ದಿಗೆ ಸುಮ್ನೆ ಶಾಕ್ ಅಬ್ಸಾರ್ಬರ್ ಬದಲಾಯಿಸಿದವರೂ ಇದ್ದಾರೆ!

ಶಾಕ್ ಅಬ್ಸಾರ್ಬರ್ ಗಾಡಿಯ ಭಾರ ಹೊರುವುದಿಲ್ಲ, ಹೊರುವುದು ಕಾಯಿಲ್ ಸ್ಪ್ರಿಂಗ್. ಹಿಂಭಾಗ ಕುಸಿದಿದ್ದರೆ ಅದನ್ನೇ ನೋಡಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಫೆಂಡರ್ (ಮಡ್‌ಗಾರ್ಡ್) ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಅಳೆಯಿರಿ. ಒಂದು ಕಡೆ ಮಾತ್ರ ತಗ್ಗಿದ್ದರೆ ಸ್ಪ್ರಿಂಗ್‌ನ ತುದಿಯ ಸುತ್ತು ತುಂಡಾಗಿರಬಹುದು. ಕೆಸರು, ತುಕ್ಕಿನಲ್ಲಿ ಮುಚ್ಚಿಹೋಗಿರುತ್ತದೆ, ಟಾರ್ಚ್ ಬಿಟ್ಟು ನೋಡಿ. ಬದಲಾಯಿಸುವುದಾದರೆ ಜೋಡಿಯಾಗಿಯೇ ಹಾಕಿಸಿ. ಸುರುಳಿ ನಡುವೆ ತುರುಕುವ ರಬ್ಬರ್ ಬಫರ್ ನನಗಂತೂ ಹಿಡಿಸುವುದಿಲ್ಲ. ಎತ್ತರ ಸಿಗುತ್ತದೆ ನಿಜ, ಆದರೆ ಕುಲುಕಾಟ ಜಾಸ್ತಿಯಾಗುತ್ತದೆ.

ಇನ್ನು ಸದ್ದು. ಹೆಚ್ಚಾಗಿ ಬುಷ್‌ಗಳದ್ದೇ, ಅಂದರೆ ಕೀಲುಗಳಲ್ಲಿ ಕೂರಿಸಿದ ರಬ್ಬರ್ ತುಂಡುಗಳದ್ದೇ ಕಿತಾಪತಿ. ಶಾಕ್‌ನ ಬುಷ್, ಹಿಂದಿನ ಆಕ್ಸಲನ್ನು ಗಾಡಿಯ ಬಾಡಿ ಜೊತೆ ಹಿಡಿದಿಡುವ ಟ್ರೇಲಿಂಗ್ ಆರ್ಮ್, ಲ್ಯಾಟರಲ್ ರಾಡ್‌ಗಳ ಬುಷ್ ಎಲ್ಲವನ್ನೂ ಸಣ್ಣ ಲಿವರ್ ಹಾಕಿ ಮೀಟಿ ನೋಡಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಗೊತ್ತಾಗುತ್ತದೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಹೊಸ ಬುಷ್ ಹಾಕಿದ ಮೇಲೆ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡುವುದು ಗಾಡಿ ತನ್ನ ಚಕ್ರದ ಮೇಲೆ ನಿಂತಾಗ. ಎತ್ತಿ ಹಿಡಿದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಮೆಕ್ಯಾನಿಕ್‌ಗೆ ಇದನ್ನು ಕೆಲಸ ಶುರುವಾಗುವ ಮುಂಚೆಯೇ ಹೇಳಿಬಿಡಿ.