ಶರಾವತಿ ಕಣಿವೆಯ ಊರಿನ ಶಾಲಾ ಚರಿತ್ರೆ ಬರೆಯುವ ಬಗೆ

ಊರಿನ ಚರಿತ್ರೆಗೆ ಕೈಹಾಕಿದವರು ಹೆಚ್ಚಾಗಿ ಸ್ಥಳಪುರಾಣ ಹಿಡಿದು ಹೊರಡುತ್ತಾರೆ. ನೀವು ಶಾಲೆಯ ದಾಖಲಾತಿ ಪುಸ್ತಕ ಹಿಡಿಯಿರಿ. ಸಾಗರ, ಹೊಸನಗರದ ಕಡೆ ಮನೆಗಳು ಗುಡ್ಡಕ್ಕೊಂದು, ಹೊಂಡಕ್ಕೊಂದು. ಯಾವ ಮಜರೆಗೆ (ಊರಿಗೆ ಸೇರಿದ ಸಣ್ಣ ಹಳ್ಳಿಗೆ) ಯಾರು ಯಾವಾಗ ಬಂದರು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಅಪರೂಪ.

ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೂ ಬರಹದಲ್ಲೇ ಅರ್ಜಿ ಕೊಡಿ. ಪುಸ್ತಕವನ್ನು ಶಾಲೆಯಿಂದ ಹೊರಗೆ ಒಯ್ಯಬೇಡಿ. ಕಿಟಕಿಯ ಬೆಳಕಿನಲ್ಲಿ ಪುಟಪುಟವೂ ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ಹಾಳೆ ಅಂಟಿಕೊಂಡಿದ್ದರೆ ಎಳೆಯದೆ ಬೇಸಿಗೆಗೆ ಬಿಡಿ. ಆಮೇಲೆ ಆರು ಕಲಂ ಗೆರೆ ಎಳೆಯಿರಿ: ದಾಖಲಾತಿ ಸಂಖ್ಯೆ, ಸೇರಿದ ತಾರೀಖು, ಮಜರೆ, ಹಿಂದಿನ ಶಾಲೆ, ಬಿಟ್ಟ ತಾರೀಖು, ಬಿಟ್ಟ ಕಾರಣ. ಮಕ್ಕಳ ಹೆಸರು, ಜಾತಿ ಅಚ್ಚಿಗೆ ಹೋಗಬಾರದು. ಹತ್ತು ವರ್ಷಕ್ಕೊಮ್ಮೆ ಲೆಕ್ಕ ಮಾತ್ರ ಕೊಡಿ.

ಎಡವುವುದು ಇಲ್ಲೇ. ದಾಖಲಾತಿ ಸಂಖ್ಯೆ 1ರ ತಾರೀಖೇ ಶಾಲೆ ಹುಟ್ಟಿದ ದಿನವೆಂದು ಬರೆದುಬಿಡುತ್ತಾರೆ. ಹಳೆಯ ಪುಸ್ತಕ ಕಳೆದು ಹೊಸದರಲ್ಲಿ ಮತ್ತೆ ಒಂದರಿಂದ ಎಣಿಸಿರಬಹುದು. ಮೊದಲ ಪುಟದಲ್ಲೇ ಮೂರನೇ, ನಾಲ್ಕನೇ ತರಗತಿಯ ಮಕ್ಕಳಿದ್ದರೆ ಅನುಮಾನಿಸಿ: ಅದಕ್ಕೂ ಮುಂಚೆ ಅಲ್ಲಿ ಶಾಲೆಯೋ ಕೂಲಿಮಠವೋ (ಹಳೆಯ ಕಾಲದ ಖಾಸಗಿ ಹಳ್ಳಿಶಾಲೆ) ಇದ್ದಿರಬೇಕು. ಹಾಜರಿ ಪುಸ್ತಕ, ಇನ್‌ಸ್ಪೆಕ್ಟರರ ಸಂದರ್ಶನ ಪುಸ್ತಕದೊಂದಿಗೆ ತಾಳೆ ನೋಡಿ. ಹುಟ್ಟಿದ ದಿನ ಸಾಲುಸಾಲಾಗಿ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಲು ಹಾಕಿದ ತಾರೀಖು, ವಯಸ್ಸಿನ ಲೆಕ್ಕಕ್ಕೆ ಬಾರದು.

ಈ ಕಣಿವೆಯಲ್ಲಿ ಮುಳುಗಡೆಯನ್ನು ಬಿಟ್ಟು ಚರಿತ್ರೆಯಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿಂದುಮುಂದಿನ ವರ್ಷಗಳಲ್ಲಿ 'ಬಿಟ್ಟ ಕಾರಣ' ಕಲಂ ಒಂದಕ್ಷರವೂ ಬಿಡದೆ ಓದಿ. ಒಂದೇ ವಾರ ಹತ್ತಾರು ಟಿಸಿ ಹೋಗಿದ್ದರೆ ಊರೇ ಎದ್ದಿದೆ. ಹಳೆಯ ಶಾಲೆಯ ಜಾಗ ಮುಳುಗಿತೇ ತಿಳಿಯಲು ಭೂನಕ್ಷೆಯಲ್ಲಿ ಜಲಾಶಯದ ಪೂರ್ಣಮಟ್ಟವಾದ 1,819 ಅಡಿಯ, ಅಂದರೆ ಸುಮಾರು 554 ಮೀಟರ್‌ನ, ಎತ್ತರ ಗುರುತಿಸಿ. ಅದಕ್ಕಿಂತ ಕೆಳಗಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ಹೋಗಿ ಕಟ್ಟಡದ ಪಂಚಾಂಗದ (ಅಡಿಪಾಯದ) ಕಲ್ಲು ಹುಡುಕಿ.

ಹಿರಿಯರನ್ನು ಇಸವಿ ಕೇಳಬೇಡಿ. "ನೀರು ನಿಂತ ವರ್ಷ ನೀವು ಎಷ್ಟನೇ ಕ್ಲಾಸು, ಅಜ್ಜ?" ಎನ್ನಿ, ಉತ್ತರವನ್ನು ದಾಖಲಾತಿಯೊಂದಿಗೆ ಹೋಲಿಸಿ. ಹಿನ್ನೀರಿನಾಚೆ ಹೋಗಿ ನೆಲೆಸಿದವರನ್ನೂ ಕೇಳಿ, ಅರ್ಧ ಊರು ಅವರದೇ.

ಊರಿನ ಮೂಲಕ್ಕೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ 8ನೇ ಸಂಪುಟ ತೆಗೆಯಿರಿ. ಹೊಸನಗರದವರು ಅದರಲ್ಲಿ 'ನಗರ' ತಾಲ್ಲೂಕಿನ ಕೆಳಗೆ ಹುಡುಕಬೇಕು. ಶಾಸನದಲ್ಲಿ ಊರಿನ ಹೆಸರಿದ್ದರೆ ಆ ಕಾಲಕ್ಕೆ ಊರಿತ್ತು ಎಂದಷ್ಟೇ ಬರೆಯಿರಿ. ಈಗಿನ ಮನೆತನಗಳು ಅಂದಿನಿಂದಲೂ ಅಲ್ಲೇ ಇದ್ದವು ಎನ್ನಲು ಬೇರೆಯೇ ಪುರಾವೆ ಬೇಕು.